ಹೊಸ ಡಬ್ಬಿ, ಹಳೆ ಪೂಜೆ

ಸೋಮವಾರ. ದೀಪಾವಳಿ ಮುಗಿದ ಮುಂದಿನ ವಾರ. ಬೆಳಗ್ಗೆ ಆರೂವರೆ. ಸ್ಥಳ: ಯಲಬುರ್ಗಾದ ನಮ್ಮ ಮನೆಯ ಪಡಸಾಲೆ. ಹಾಜರಿದ್ದವರು: ನಾನು, ನನ್ನ ಹೆಂಡತಿ, ಮತ್ತು ಮೇಜಿನ ಮೇಲೆ ಉಸಿರು ನಿಂತಂತೆ ಕುಳಿತಿದ್ದ ಕಂಪ್ಯೂಟರು.

ದಿನ, ವೇಳೆ, ಹಾಜರಿ ಮೊದಲು ಹೇಳಿ ಆಮೇಲೆ ಸಂಗತಿಗೆ ಬರುವುದು ನನಗೆ ನೌಕರಿಯಿಂದ ಅಂಟಿದ ರೂಢಿ. ನಾನು ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದವನು. ಯಾವ ಗಾಡಿ ಎಷ್ಟಕ್ಕೆ ಬಂತು, ಎಷ್ಟಕ್ಕೆ ಹೋಯಿತು ಎಂದು ಬರೆದುಕೊಂಡು ಮೈಕಿನಲ್ಲಿ ಕೂಗುವ ಕೆಲಸ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ, ಈ ನಾಲ್ಕೂ ನಿಲ್ದಾಣಗಳ ತಗಡಿನ ಚಾವಣಿಯ ಕೆಳಗೆ ನನ್ನ ದನಿ ಮೊಳಗಿದೆ. ವೇಳೆ ತಪ್ಪಿದ ಚಾಲಕನಿಗೆ ಮೆಮೊ ಕೊಡುವಾಗ ನಾನು ಸ್ವಂತ ಅಳಿಯನ ಮುಖವನ್ನೂ ನೋಡಿದವನಲ್ಲ. ನಿವೃತ್ತನಾಗಿ ಮನೆಗೆ ಬಂದ ಮೇಲೆ ಕೂಗಲು ಬಸ್ಸುಗಳಿರಲಿಲ್ಲ. ಹೆಂಡತಿಯೊಬ್ಬಳಿದ್ದಳು.

ಕಂಪ್ಯೂಟರು ಮಗಳ ಓದಿಗೆಂದು ತಂದದ್ದು. ಆಕೆ ಮದುವೆಯಾಗಿ ಕುಷ್ಟಗಿಗೆ ಹೋದ ಮೇಲೆ ಅದು ಹೆಂಡತಿಯ ಪಾಲಿಗೆ ಬಂತು. ಆಕೆ ಹುಡುಗಿಯಾಗಿದ್ದಾಗಲೇ ಕನ್ನಡ ಟೈಪಿಂಗ್ ಕಲಿತು ಪರೀಕ್ಷೆ ಪಾಸು ಮಾಡಿದವಳು. ಮೊದಲು ಸಂಬಂಧಿಕರ ಲಗ್ನಪತ್ರಿಕೆಗಳನ್ನು ಸುಮ್ಮನೆ ಮಾಡಿಕೊಟ್ಟಳು. ಅದನ್ನು ನೋಡಿದ ಗಂಗಾವತಿಯ ಒಂದು ಮುದ್ರಣಾಲಯದ ಯಜಮಾನರು ಆಗೀಗ ಕೆಲಸ ಕಳಿಸತೊಡಗಿದರು. ಪತ್ರಿಕೆಯನ್ನು ಮನೆಯಲ್ಲೇ ಟೈಪು ಮಾಡಿ ಕೂಡಿಸಿ ಫೋನಿನ ಇಂಟರ್‌ನೆಟ್ಟಿನಲ್ಲಿ ಅವರಿಗೆ ಕಳಿಸಿದರೆ ಆಯಿತು. ನನ್ನ ಪಿಂಚಣಿ ಸಣ್ಣದು. ಆಕೆಯ ದುಡಿಮೆಯಿಂದ ಮನೆ ಸರಾಗವಾಗಿ ನಡೆಯುತ್ತಿತ್ತು. ಇದನ್ನು ನಾನು ಬಾಯಿಬಿಟ್ಟು ಹೇಳುತ್ತಿರಲಿಲ್ಲ ಅಷ್ಟೇ.

ಯಂತ್ರ ಹಳತಾದರೂ ಹೊಸ ಕಂಪ್ಯೂಟರಿನ ಮಾತು ನಮ್ಮಲ್ಲಿ ಏಳಲೇ ಇಲ್ಲ. ನಾನು ಡಿಪೋದ ಲೆಕ್ಕ ಹೇಳಿದೆ: ಗಾಡಿ ನಿಲ್ಲಿಸಬಾರದು, ಓಡಿಸುತ್ತಲೇ ಒಂದೊಂದು ಸಾಮಾನು ಬದಲಿಸಬೇಕು. ಮೊದಲು ರ‍್ಯಾಮ್ ಬಂತು. ಬೆರಳುದ್ದದ ಹಸಿರು ಪಟ್ಟಿ. ಹಳೆಯ ಪಟ್ಟಿಯ ಪಕ್ಕದಲ್ಲಿ ಇನ್ನೊಂದು ಕೂತರೆ ಯಂತ್ರಕ್ಕೆ ಒಮ್ಮೆಗೆ ಹೆಚ್ಚು ಹೊರೆ ಹೊರುವ ಶಕ್ತಿ ಬರುತ್ತದೆ. ಮುದ್ರಣಾಲಯದಿಂದ ಬಂದ ಮೊದಲ ದುಡಿಮೆಯಲ್ಲಿ ಹೆಂಡತಿ ಕೊಂಡದ್ದು ಅದು. ಕೂಡಿಸುವ ಮೊದಲು ಅದನ್ನು ಒಂದು ಇಡೀ ದಿನ ದೇವರ ಜಗಲಿಯ ಮೇಲೆ ಇಟ್ಟಿದ್ದಳು. ಮುಂದೆ ಹಳೆಯ ಹಾರ್ಡ್ ಡಿಸ್ಕ್ ತೆಗೆಸಿ ಎಸ್‌ಎಸ್‌ಡಿ ಹಾಕಿಸಿದೆವು. ಮೊದಲು ಸ್ವಿಚ್ ಒತ್ತಿ, ಒಲೆಯ ಮೇಲೆ ಅನ್ನಕ್ಕಿಟ್ಟು ಬಂದರೂ ಯಂತ್ರ ಇನ್ನೂ ಕಣ್ಣುಜ್ಜುತ್ತಿರುತ್ತಿತ್ತು. ಆಮೇಲೆ ಒತ್ತಿದ ಕೂಡಲೇ ಏಳತೊಡಗಿತು.

ಮೂರನೆಯದು ಡಬ್ಬಿ. ಎಲ್ಲರೂ ಸಿಪಿಯು ಎನ್ನುತ್ತಾರಲ್ಲ, ಆ ಪೆಟ್ಟಿಗೆ. ನಮ್ಮದು ಬುಡದಲ್ಲಿ ತುಕ್ಕು ತಿಂದಿತ್ತು, ಒಳಗಿನ ಪವರ್ ಸಪ್ಲೈ ಗರಗರ ಎನ್ನುತ್ತಿತ್ತು. ಕೊಪ್ಪಳದ ರಿಪೇರಿ ಅಂಗಡಿಯವನು ಯಾವುದೋ ಕಚೇರಿಯಿಂದ ತೆಗೆದ ಡಬ್ಬಿಯನ್ನು ಪವರ್ ಸಪ್ಲೈ ಸಮೇತ ಅಗ್ಗದಲ್ಲಿ ಕೊಟ್ಟು, ನಮ್ಮ ಸಾಮಾನನ್ನೆಲ್ಲ ಅದಕ್ಕೆ ವರ್ಗ ಮಾಡಿದ. ಕಪ್ಪು ಬಣ್ಣ, ನೋಡಲು ಗಂಭೀರ. ಗಾಳಿಯಾಡಲೆಂದು ತಲೆಯ ಮೇಲೆ ಜಾಳಿಗೆಯಂಥ ತೂತುಗಳು. ಇನ್ನು ಉಳಿದದ್ದು ಪ್ರೊಸೆಸರ್. ಅದಕ್ಕೆ ಸ್ವಲ್ಪ ಸ್ವಲ್ಪವೇ ಎತ್ತಿಡುತ್ತಿದ್ದೆವು.

ಇಲ್ಲಿ ನನ್ನ ಪೂಜೆಯ ಮಾತು ಹೇಳಬೇಕು. ನಮ್ಮ ಕಡೆ ಚಾಲಕರು ಬೆಳಗ್ಗೆ ಗಾಡಿ ಹತ್ತುವ ಮೊದಲು ಸ್ಟೀರಿಂಗ್ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ. ಮುಂದಿನ ಗಾಜಿನ ಕೆಳಗೆ ಒಂದು ಹೂವು, ಊದಿನಕಡ್ಡಿ. ಅಮಾವಾಸ್ಯೆ ಬಂದರೆ ಗಾಡಿ ತೊಳೆದು, ಕಾಯಿ ಒಡೆದು, ಆ ನೀರನ್ನು ಎಂಜಿನ್ನಿನ ಮೇಲೆ ಚಿಮುಕಿಸಿ, ಗಾಲಿಗೆ ಲಿಂಬಿಹಣ್ಣು ಇಟ್ಟು ಹೊರಡುತ್ತಾರೆ. ದುಡಿಯುವ ಯಂತ್ರಕ್ಕೆ ಕೈಮುಗಿಯದೆ ಕೆಲಸ ಶುರು ಮಾಡಬಾರದೆಂಬುದು ಅಲ್ಲಿಂದ ನನ್ನೊಳಗೂ ಇಳಿದಿತ್ತು. ಮನೆಯಲ್ಲಿ ದುಡಿಯುವ ಯಂತ್ರವೆಂದರೆ ಕಂಪ್ಯೂಟರು. ದಿನಾ ಸ್ನಾನ ಮುಗಿಸಿ ಬಂದು ಡಬ್ಬಿಗೆ ಕುಂಕುಮ, ಚೆಂಡು ಹೂವಿನ ಒಂದೆರಡು ಎಸಳು, ಅರಿಷಿಣ ಹಚ್ಚಿದ ಅಕ್ಷತೆಯ ಒಂದು ಚಿಟಿಕೆ ಹಾಕುತ್ತಿದ್ದೆ. ಅದೇ ಕುಂಕುಮ, ಅದೇ ಅಕ್ಷತೆಯ ಎರಡು ಕಾಳು ನನ್ನ ಹಣೆಗೆ. ಅಮಾವಾಸ್ಯೆಗೆ ಕಾಯಿ ಒಡೆದು ಆ ನೀರಿನ ನಾಲ್ಕು ಹನಿ. ಹಳೆಯ ಡಬ್ಬಿಯ ತಲೆ ಸಪಾಟು ತಗಡು. ಹಾಕಿದ್ದೆಲ್ಲ ಹಾಗೇ ಇರುತ್ತಿತ್ತು, ಮರುದಿನ ತೆಗೆದು ಹೊಸದು ಹಾಕುತ್ತಿದ್ದೆ. ಹೊಸ ಡಬ್ಬಿ ಬಂದ ಮೇಲೆ ಮರುದಿನ ನೋಡಿದರೆ ಅಕ್ಷತೆ ಇರುತ್ತಿರಲಿಲ್ಲ. ಇರುವೆಗಳು ಒಯ್ದವು, ಒಳ್ಳೆಯದೇ ಆಯಿತು ಎಂದುಕೊಂಡೆ.

ಅದಾದ ಕೆಲವು ವಾರಕ್ಕೆ ಯಂತ್ರ ನಡುವೆ ನಡುವೆ ಪಕ್ಕನೆ ಆರತೊಡಗಿತು. ಹೆಂಡತಿ ಟೈಪು ಮಾಡಿದ ಹೆಸರುಗಳೆಲ್ಲ ಹೋಗುತ್ತಿದ್ದವು. ಮತ್ತೆ ಮೊದಲಿಂದ. ನನಗೆ ಕಾರಣ ಬೇಕಿತ್ತು, ಸಿಕ್ಕಿತು. ಆಕೆಗೆ ಕೆಲಸ ಮಾಡುತ್ತಾ ಒಂದು ಬಟ್ಟಲು ಮಂಡಕ್ಕಿ ತಿನ್ನುವ, ಚಹಾ ಕುಡಿಯುವ ಅಭ್ಯಾಸ. ನಾನು ಆ ಮೇಜಿನ ಹತ್ತಿರ ತಿನ್ನುವುದು ಕುಡಿಯುವುದು ಬಂದ್ ಎಂದು ಆಜ್ಞೆ ಮಾಡಿದೆ. ಸಂಜೆ ಏಳಕ್ಕೆ ಗೋಡೆಯ ಸ್ವಿಚ್ಚನ್ನು ನನ್ನ ಕೈಯಿಂದಲೇ ಆರಿಸತೊಡಗಿದೆ. ಆಕೆ ಅಡಿಗೆಮನೆಯಲ್ಲಿ ನಿಂತುಕೊಂಡು ಚಹಾ ಕುಡಿದು ಬಂದು ಕೂಡುತ್ತಿದ್ದಳು. ಆದರೂ ಯಂತ್ರ ಆರುತ್ತಲೇ ಇತ್ತು. ದೀಪಾವಳಿ ಅಮಾವಾಸ್ಯೆಗೆ ನಾನು ದೊಡ್ಡ ಕಾಯಿಯನ್ನೇ ಒಡೆದೆ. ಅದರ ಮರುದಿನದಿಂದ ಅದು ಹತ್ತು ನಿಮಿಷವೂ ನಡೆಯಲಿಲ್ಲ.

ಭಾನುವಾರ ಸಂಜೆ ಮುದ್ರಣಾಲಯದ ಯಜಮಾನರ ಫೋನು ಬಂತು. ತುಳಸಿ ಲಗ್ನ ಮುಗಿದ ಕೂಡಲೇ ಮದುವೆಗಳ ಸುಗ್ಗಿ. ನಾಲ್ಕು ಪುಟದ, ಬಣ್ಣದ ಒಂದು ಪತ್ರಿಕೆಯ ವಿವರ ಕಳಿಸಿದ್ದರು. ಗಂಡಿನ ಕಡೆಯವರು ಕಿನ್ನಾಳದವರು. ಮೊದಲ ಪುಟದಲ್ಲಿ ಗಣಪತಿ ಇರಬೇಕು, ಅದು ಕಿನ್ನಾಳದ ಬೊಂಬೆಯ ಬಣ್ಣದಲ್ಲೇ ಇರಬೇಕು ಎಂದು ಅವರ ಹಟ.

"ಅಕ್ಕಾರ, ಇದೊಂದು ಸೋಮವಾರ ಸಂಜಿಕ ಬಂದ್ರ ಈ ಸೀಜನ್ನಿನ ಕೆಲಸ ಎಲ್ಲಾ ನಿಮ್ಮ ಕಡೇನ ಕಳಸ್ತೀನಿ," ಎಂದರು ಅವರು. "ಬರಲಿಲ್ಲಂದ್ರ ಬ್ಯಾಸರ ಮಾಡ್ಕೋಬ್ಯಾಡ್ರಿ. ಕಾರಟಗ್ಯಾಗ ಒಬ್ರು ಅದಾರ, ಅವ್ರಿಗೆ ಹೇಳಬೇಕಾಗ್ತೈತಿ. ನಿಮ್ಮ ಮಷೀನು ಭಾಳ ಸಲ ಕೈ ಕೊಟ್ಟೈತಿ."

ಫೋನಿಟ್ಟು ಆಕೆ ಬಹಳ ಹೊತ್ತು ಪರದೆಯನ್ನೇ ನೋಡುತ್ತಾ ಕುಳಿತಳು. ಪರದೆ ಕಪ್ಪಗಿತ್ತು.

ಹೀಗಾಗಿ ಸೋಮವಾರ ಬೆಳಗ್ಗೆ ಆರೂವರೆಗೆ ಡಬ್ಬಿಯನ್ನು ಕೊಪ್ಪಳಕ್ಕೆ ಒಯ್ಯುವ ತಯಾರಿ. ವಯರುಗಳನ್ನು ಬಿಚ್ಚಿಟ್ಟು ನಾನು ಸ್ನಾನ ಮಾಡಿ ಬಂದು ಕುಂಕುಮದ ಬಟ್ಟಲು ತೆಗೆದುಕೊಂಡೆ.

"ಇವತ್ತೂ ಪೂಜಿ ಮಾಡ್ತೀರೇನ್ರಿ? ಅದು ಕಣ್ಣ ತೆರೆಯವಲ್ದು," ಎಂದಳು.

"ಗಾಡಿ ಕೆಟ್ಟ ದಿನಾನ ಪೂಜಿ ಜಾಸ್ತಿ ಬೇಕು," ಎಂದೆ.

ಎಂದಿನಂತೆ ಡಬ್ಬಿಗೆ ಹಚ್ಚಿ ಅಕ್ಷತೆ ಹಾಕಿದೆ, ನನ್ನ ಹಣೆಗೂ ಹಚ್ಚಿಕೊಂಡೆ. ಹಳೆಯ ಚಾದರದಲ್ಲಿ ಗಂಟು ಕಟ್ಟಿದೆವು.

ಬಸ್ಸಿನ ಕಂಡಕ್ಟರ್ ಹೊಸಬ. ನನ್ನ ಗುರುತಿಲ್ಲ. ತೊಡೆಯ ಮೇಲೆ ಗಂಟಿಟ್ಟುಕೊಂಡು ಕುಳಿತ ನಾನು ಈ ಯಲಬುರ್ಗಾ ನಿಲ್ದಾಣದಲ್ಲಿ ಮೈಕು ಹಿಡಿದವನೆಂದು ಅವನಿಗೆ ಯಾರು ಹೇಳಬೇಕು?

"ಅಮ್ಮಾರಿಗೆ ಫ್ರೀ. ಅಜ್ಜಾರಿಗೆ ಟಿಕೆಟ್," ಎಂದ ಅವನು. ಗಂಟನ್ನು ಬೆರಳಿನಿಂದ ತಟ್ಟಿ, "ಇದು ಗಂಡೋ ಹೆಣ್ಣೋ ಹೇಳ್ರಿ. ಗಂಡಾಗಿದ್ರ ಲಗೇಜ್ ಟಿಕೆಟ್ ಹರಿಬೇಕು."

"ಹೆಣ್ಣ ಇರಬೇಕಪಾ," ಎಂದಳು ನನ್ನ ಹೆಂಡತಿ ಕಿಟಕಿಯ ಆಚೆ ನೋಡುತ್ತಲೇ. "ದಿನಾ ದುಡಿತೈತಿ, ದಿನಾ ಬೈಸ್ಕೊಂತೈತಿ."

ಹಿಂದೆ ಕುಳಿತ ಹೆಂಗಸರು ಗೊಳ್ಳೆಂದು ನಕ್ಕರು. ಕಂಡಕ್ಟರ್ ನಗುತ್ತಾ ಮುಂದೆ ಹೋದ. ಆಕೆಯ ಮಾತಿನಲ್ಲಿ ನನಗೆ ತಾಗಬೇಕಾದದ್ದು ಇತ್ತು. ನಾನು ಮಾತ್ರ ನಾಲ್ಕು ಮಂದಿಯ ಮುಂದೆ ಹೀಗೆ ಅಂದಳಲ್ಲ ಎಂಬ ಸಿಟ್ಟನ್ನಷ್ಟೇ ಗಂಟಿನ ಜೊತೆ ಹೊತ್ತುಕೊಂಡು ಕೊಪ್ಪಳಕ್ಕೆ ಇಳಿದೆ.

ಅಂಗಡಿ ಮಾರುಕಟ್ಟೆಯ ಒಳಓಣಿಯಲ್ಲಿದೆ. ಬಾಗಿಲಿಗೆ ಲಿಂಬಿಹಣ್ಣು, ಮೆಣಸಿನಕಾಯಿ ಕಟ್ಟಿತ್ತು. ಅಂಗಡಿಯವನು ನಲವತ್ತರ ಆಸುಪಾಸಿನ ಮಾತುಗಾರ. ಬೆಂಚಿನ ಮೇಲೆ ಪ್ರಿಂಟರ್ ಹಿಡಿದುಕೊಂಡ ಒಬ್ಬ ಶಿಕ್ಷಕಿ ಕುಳಿತಿದ್ದರು. ಅವರ ಪಕ್ಕದಲ್ಲಿದ್ದವನನ್ನು ನೋಡಿ ನನಗೆ ಆಶ್ಚರ್ಯವಾಯಿತು. ನನ್ನ ಕಾಲದ ಚಾಲಕ, ದಪ್ಪ ಮೀಸೆಯವ. ನನಗಿಂತ ಒಂದು ವರ್ಷ ಮೊದಲು ನಿವೃತ್ತನಾದವ. ಮೊಮ್ಮಗಳ ಲ್ಯಾಪ್‌ಟಾಪಿನ ಚಾರ್ಜರ್ ಕೊಳ್ಳಲು ಬಂದಿದ್ದ.

"ಬರ್ರಿ ಬರ್ರಿ ಸಾಹೇಬ್ರ!" ಎಂದು ಎದ್ದು ನಿಂತ. ಶಿಕ್ಷಕಿಯ ಕಡೆ ತಿರುಗಿ, "ಇವ್ರು ಯಾರಂತ ತಿಳಿದೀರಿ ಮೇಡಂ? ಇವ್ರು ಮೈಕಿನ್ಯಾಗ ಹೇಳಿದ್ರ ಗಡಿಯಾರ ತನ್ನ ಮುಳ್ಳ ತಿದ್ದಿಕೊಂತಿತ್ತು."

ಆ ಮಾತು ನನ್ನನ್ನು ಮತ್ತೆ ಕಂಟ್ರೋಲರ್ ಮಾಡಿತು. ಗಂಟನ್ನು ಕೌಂಟರಿನ ಗಾಜಿನ ಮೇಲೆ ಇಟ್ಟು, ನಿಲ್ದಾಣದ ದನಿಯಲ್ಲೇ ಶುರು ಮಾಡಿದೆ. "ನೀವು ಕೊಟ್ಟ ಪವರ್ ಸಪ್ಲೈ ಸರಿ ಇಲ್ಲ. ಡಬ್ಬಿ ಬದಲಿ ಮಾಡಿದಾಗಿನಿಂದ ಇದು ನೆಟ್ಟಗ ನಡದಿಲ್ಲ. ಇವತ್ತು ಸಂಜಿಕ ಕೆಲಸ ಮುಟ್ಟಿಸಬೇಕಾಗೈತಿ. ಹಾಳಾದ ಮಾಲು ಕೊಟ್ಟು ಮಂದಿ ಹೊಟ್ಟಿ ಮ್ಯಾಲ ಯಾಕ ಹೊಡಿತೀರಿ?"

"ಹಳೇದು ಅಂತ ಹೇಳೇ ಕೊಟ್ಟೀನಲ್ರಿ ಸಾಹೇಬ್ರ," ಎಂದ ಅಂಗಡಿಯವ ಸ್ಕ್ರೂ ಬಿಚ್ಚುತ್ತಾ. "ಮೊದ್ಲ ಹೊಟ್ಟಿ ತೆರೆದು ನೋಡೂಣು. ಆಮ್ಯಾಲ ನನ್ನ ಗಲ್ಲಿಗೆ ಹಾಕ್ರಿ."

ಪಕ್ಕದ ತಗಡು ಸರಿಸಿ ಡಬ್ಬಿಯನ್ನು ಓರೆ ಮಾಡಿದ. ಒಳಗಿನಿಂದ ಒಂದು ಹಿಡಿಯಷ್ಟು ಕಾಳು ಗಾಜಿನ ಮೇಲೆ ಪಟಪಟ ಉದುರಿದವು.

ನಾನು ತಡಮಾಡಲಿಲ್ಲ. ಹೆಂಡತಿಯ ಕಡೆ ತಿರುಗಿದೆ. "ನೋಡು! ಕಂಪ್ಯೂಟರ್ ಮುಂದ ಮಂಡಕ್ಕಿ ತಿನಬ್ಯಾಡ ಅಂತ ನಿನಗ ಎಷ್ಟ ಸಲ ಬಡಕೊಂಡೀನಿ? ಈಗ ಮಂದಿ ಮುಂದ ನೋಡು!"

ಎಲ್ಲರೂ ಆಕೆಯನ್ನು ನೋಡಿದರು. ಆಕೆ ಕಾಳುಗಳನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಸೆರಗಿನ ತುದಿಯಿಂದ ತನ್ನ ಹಣೆಯನ್ನು ಮೆಲ್ಲಗೆ ಒರೆಸಿಕೊಂಡು ನನಗೆ ಕಣ್ಣಿನಿಂದಲೇ ಏನೋ ಸನ್ನೆ ಮಾಡಿದಳು. ಬೆವರು ಒರೆಸಿಕೊಳ್ಳಿ ಎನ್ನುತ್ತಿದ್ದಾಳೆ ಎಂದುಕೊಂಡು ನಾನು ಕರವಸ್ತ್ರ ತೆಗೆದು ಕತ್ತು ಒರೆಸಿಕೊಂಡೆ.

ಅಂಗಡಿಯವನು ಒಂದು ಕಾಳನ್ನು ಉಗುರಿನ ಮೇಲೆ ಇಟ್ಟುಕೊಂಡಿದ್ದ. "ಮಂಡಕ್ಕಿ ಎಲ್ಲೈತ್ರಿ ಇದು? ಹಸಿ ಅಕ್ಕಿ. ಅರಿಷಿಣ ಹಚ್ಚೈತಿ." ಮತ್ತೆ ಕೈ ಹಾಕಿದ. ಫ್ಯಾನಿನ ರೆಕ್ಕೆಗೆ ಸುತ್ತಿಕೊಂಡಿದ್ದ ಒಣಗಿದ ಚೆಂಡು ಹೂವಿನ ಎಸಳು ಎಳೆದ. ಬೆರಳು ಕೆಂಪಾಯಿತು. "ಕುಂಕುಮ! ಮೇಡಂ, ನೋಡ್ರಿಲ್ಲೆ, ಇದು ಕಂಪ್ಯೂಟರ್ ಅಲ್ಲ, ಗರ್ಭಗುಡಿ." ಟಾರ್ಚು ಬಿಟ್ಟು ಒಳಗೆ ಇಣುಕಿ, "ಅಭಿಷೇಕಾನೂ ಆಗೈತ್ರಿ. ಮದರ್ ಬೋರ್ಡ್ ಮ್ಯಾಲ ಕಾಯಿನೀರು ಬಿದ್ದು ಹಸರಗಟ್ಟೈತಿ. ಫ್ಯಾನ್ ತಿರುಗವಲ್ದು, ಕಾದು ಕಾದು ಆರೈತಿ. ಪವರ್ ಸಪ್ಲೈ ಪಾಪ ಛಲೋನ ಐತಿ."

ಶಿಕ್ಷಕಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅಂಗಡಿಯವನು ಸ್ಕ್ರೂ ಬಿತ್ತೆಂದು ಕೌಂಟರಿನ ಕೆಳಗೆ ಬಗ್ಗಿದ.

ನನಗೆ ಒಂದೇ ಕ್ಷಣದಲ್ಲಿ ಎಲ್ಲವೂ ತಿಳಿಯಿತು. ಜಾಳಿಗೆಯ ತಲೆ, ದಿನಾ ಮಾಯವಾಗುತ್ತಿದ್ದ ಅಕ್ಷತೆ, ಅಮಾವಾಸ್ಯೆಯ ಕಾಯಿ. ಹೇಳಬೇಕಾದ ಮಾತು ಸಣ್ಣದು: ಅದು ನಾನು. ನಾಲಿಗೆಯ ತುದಿಯವರೆಗೂ ಬಂದಿತ್ತು. ಆದರೆ ನನ್ನ ಗಡಿಯಾರದ ಕಥೆ ಹೇಳಿದ ಚಾಲಕ ಎದುರಿಗೇ ನಿಂತಿದ್ದ.

ಆಗ ನನ್ನ ಹೆಂಡತಿ ಹೇಳಿದಳು. "ನಂದ ತಪ್ಪ್ರಿ ಅದು. ಮನ್ಯಾಗ ಪೂಜಿ ಮಾಡಾಕಿ ನಾನ. ಮ್ಯಾಲ ತೂತು ಅದಾವು ಅನ್ನೂದು ಲಕ್ಷ್ಯಕ್ಕ ಬರಲಿಲ್ಲ."

ಚಾಲಕ ಮೀಸೆ ತಿರುವಿ, ಆಕೆಯ ಕಡೆ ಬಗ್ಗಿ, ಆದರೆ ಎಲ್ಲರಿಗೂ ಕೇಳುವಂತೆ ಹೇಳಿದ: "ಅಕ್ಕಾರ, ನಮ್ಮ ಗಾಡಿ ಗಾಜಿಗೆ ಹಾರ ಒಂದೀಟು ಅಡ್ಡ ಬಂದ್ರ ಸಾಹೇಬ್ರು ಮೆಮೊ ಕೊಡ್ತಿದ್ರು. ಈ ಪೂಜಿಗೆ ಯಾರಿಗೆ ಕೊಡ್ತಾರ ಕೇಳ್ರಿ."

ಎಲ್ಲರೂ ನಕ್ಕರು. ನಾನೂ ನಕ್ಕೆ.

ಈ ಒಂದು ಸಾಲು ಬರೆಯಲು ನನಗೆ ಬಹಳ ಕಷ್ಟವಾಯಿತು. ಸುಮ್ಮನಿದ್ದೆ ಎಂದು ಬರೆದಿದ್ದರೆ ಓದುವವರು ಒಪ್ಪುತ್ತಿದ್ದರು. ಸುಮ್ಮನಿರಲಿಲ್ಲ, ನಕ್ಕೆ. ತಲೆಯನ್ನೂ ಅಲ್ಲಾಡಿಸಿದೆ, ಹೆಂಗಸರಿಗೆ ಎಷ್ಟು ಹೇಳಿದರೂ ಅಷ್ಟೇ ಎನ್ನುವ ಹಾಗೆ.

ಅಂಗಡಿಯವನು ಬ್ರಷ್ಷಿನಿಂದ ಒಳಗೆಲ್ಲ ಜಾಡಿಸಿ ಹೊಸ ಫ್ಯಾನ್ ಕೂಡಿಸಿದ. ಸ್ವಿಚ್ ಒತ್ತಿದರೆ ಯಂತ್ರ ಎದ್ದಿತು, ಮತ್ತೆ ನಿಂತಿತು. ಒಂದು ರ‍್ಯಾಮ್ ಪಟ್ಟಿಯನ್ನು ಕಿತ್ತು, ಮತ್ತೆ ಒತ್ತಿದ. ಈಗ ನಿಲ್ಲಲಿಲ್ಲ.

"ಎರಡು ಪಟ್ಟಿ ಕೂಡ್ರೂ ಜಾಗದಾಗ ಒಂದು ಜಾಗ ಕಾಯಿನೀರಿಗೆ ಹೋಗೈತ್ರಿ," ಎಂದ. "ಒಂದ ಪಟ್ಟಿ ಮ್ಯಾಲ ನಡೀತೈತಿ. ಕೆಲಸ ಆಗ್ತೈತಿ, ನಿಧಾನ. ಇಂಥಾ ಬೋರ್ಡಿಗೆ ಈಗ ಪ್ರೊಸೆಸರ್ ಹಾಕಸಬ್ಯಾಡ್ರಿ, ರೊಕ್ಕ ದಂಡ. ಮುಂದ ಬೋರ್ಡ್ ಸಮೇತ ಬದಲಿ ಮಾಡೂಣು."

ಕಿತ್ತ ಪಟ್ಟಿಯನ್ನು ಕಾಗದದಲ್ಲಿ ಸುತ್ತಿ ನನ್ನ ಕೈಗಿಟ್ಟ. ಅದು ಆಕೆ ಮೊದಲ ದುಡಿಮೆಯಲ್ಲಿ ಕೊಂಡ ಪಟ್ಟಿ. ದೇವರ ಜಗಲಿಯ ಮೇಲೆ ಕೂತು ಬಂದದ್ದು. ಆಕೆಗೆ ಗುರುತು ಸಿಕ್ಕಿತು. ಕೈ ಚಾಚಲಿಲ್ಲ. ನಾನು ಅಂಗಿಯ ಜೇಬಿಗೆ ಹಾಕಿಕೊಂಡೆ. ಫ್ಯಾನಿನ ದುಡ್ಡು ಕೊಟ್ಟೆ. ಜಾಡಿಸಿದ್ದಕ್ಕೆ ಅಂಗಡಿಯವನು ಏನೂ ತೆಗೆದುಕೊಳ್ಳಲಿಲ್ಲ. "ಗುಡಿ ಕಸ ಹೊಡದ್ರ ಪುಣ್ಯ ಬರ್ತೈತ್ರಿ," ಎಂದ.

ಚಾಲಕ ನಮ್ಮ ಜೊತೆ ಬಸ್ ನಿಲ್ದಾಣದವರೆಗೂ ಬಂದ, ಗಂಟಿನ ಒಂದು ಕಿವಿ ಹಿಡಿದುಕೊಂಡು. ನಮಗೆ ಚಹಾ ಕೊಡಿಸಿದ. ಹೆಂಡತಿ ಹೆಂಗಸರ ಸಾಲಿನಲ್ಲಿ ಬಸ್ಸಿಗೆ ಕಾಯಲು ಹೋದಾಗ ನಾವಿಬ್ಬರೇ ಇದ್ದೆವು. ಹೇಳಲು ಅದಕ್ಕಿಂತ ಅನುಕೂಲದ ವೇಳೆ ಬೇಕಿರಲಿಲ್ಲ. ನಾನು ಮೈಕಿನ ಬಗ್ಗೆ ಮಾತಾಡಿದೆ. ಈಗೆಲ್ಲ ರೆಕಾರ್ಡ್ ಮಾಡಿದ ದನಿಯೇ ಕೂಗುತ್ತದೆ, ಉಚ್ಚಾರ ಸರಿಯಿಲ್ಲ ಎಂದೆ. ಅವನು ಹೌದ್ರಿ ಎಂದ. ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ, ಚಹಾದ ಲೋಟ ಇಟ್ಟು ಹೊರಟುಹೋದ.

ಬಸ್ಸಿನಲ್ಲಿ ಆಕೆ ಮಾತಾಡಿದಳು. ಬೈಗುಳವಲ್ಲ, ದೂರಲ್ಲ, ಪತ್ರಿಕೆಯ ಮಾತು. ಗಣಪತಿಯ ಚಿತ್ರ ದೊಡ್ಡದು, ಒಂದೇ ಪಟ್ಟಿಯ ಮೇಲೆ ಯಂತ್ರ ಎಳೆಯುವುದಿಲ್ಲ. ನಾಲ್ಕು ಪುಟವನ್ನು ನಾಲ್ಕು ಬೇರೆ ಫೈಲು ಮಾಡಿ ಒಂದೊಂದೇ ಮುಗಿಸಿ ಕೊನೆಗೆ ಕೂಡಿಸಿದರೆ ಹೇಗೆ ಎಂದು ತನ್ನಷ್ಟಕ್ಕೆ ತಾನೇ ಲೆಕ್ಕ ಹಾಕುತ್ತಿದ್ದಳು. ನಾನು ಹೂಂ ಎನ್ನುತ್ತಿದ್ದೆ. ಜೇಬಿನಲ್ಲಿದ್ದ ಪಟ್ಟಿ ಪ್ರತಿ ಕುಲುಕಿಗೂ ಎದೆಗೆ ಚುಚ್ಚುತ್ತಿತ್ತು.

ಮಧ್ಯಾಹ್ನ ಎರಡರ ಮೊದಲೇ ಮನೆ ಮುಟ್ಟಿದೆವು. ಆಕೆ ಕಾಲು ತೊಳೆದವಳೇ ಮೇಜಿಗೆ ಕುಳಿತಳು. ನಾನು ರೊಟ್ಟಿ, ಪಲ್ಯ, ಗುರೆಳ್ಳು ಚಟ್ನಿ ತಟ್ಟೆಗೆ ಹಾಕಿ ತಂದೆ. ಎಲ್ಲಿಡಲೆಂದು ತಿಳಿಯಲಿಲ್ಲ. ಆ ಮೇಜಿನ ಮೇಲೆ ತಿನ್ನುವುದು ಬಂದ್ ಎಂದು ಆಜ್ಞೆ ಮಾಡಿದವನು ನಾನೇ. ಆಕೆ ಪರದೆಯಿಂದ ಕಣ್ಣು ತೆಗೆಯದೆ ಕೀಲಿಮಣೆಯನ್ನು ಸ್ವಲ್ಪ ಸರಿಸಿ ಜಾಗ ಮಾಡಿದಳು. ಇಟ್ಟೆ.

ಮೊದಲ ಪುಟ ಎಲ್ಲಕ್ಕಿಂತ ಭಾರ. ಗಣಪತಿಯ ಹಳದಿ, ಕೆಂಪು, ಹಸಿರು ಒಂದೊಂದಾಗಿ ಬರುತ್ತಿದ್ದವು. ಒಂದು ಬಣ್ಣ ಬದಲಿಸಿದರೆ ಯಂತ್ರ ಅದನ್ನು ಅರಗಿಸಿಕೊಳ್ಳುವವರೆಗೆ ಕಾಯಬೇಕು. ಎರಡು ಪಟ್ಟಿ ಇದ್ದಿದ್ದರೆ ಈ ಕಾಯುವಿಕೆ ಇರುತ್ತಿರಲಿಲ್ಲ. ಪ್ರತಿ ಸಲ ಯಂತ್ರ ನಿಂತಾಗಲೂ ಆಕೆ ಕೈ ಮಡಿಲಲ್ಲಿ ಇಟ್ಟುಕೊಂಡು ಸುಮ್ಮನೆ ಕೂಡುತ್ತಿದ್ದಳು. ಆ ಕಾಯುವ ಹೊತ್ತು ನಾನು ತಂದಿಟ್ಟದ್ದು. ಅಂಥ ಒಂದು ಹೊತ್ತಿನಲ್ಲಿ ಕೇಳಿದೆ.

"ಅಲ್ಲಿ ಯಾಕ ಹಂಗ ಅಂದಿ?"

"ಏನಂದೆ?"

"ಪೂಜಿ ನಾನ ಮಾಡಾಕಿ ಅಂತ."

ಪರದೆಯ ಮೇಲೆ ಗಣಪತಿಯ ಸೊಂಡಿಲು ಅರ್ಧ ಬಂದಿತ್ತು. ಆಕೆ ಅದನ್ನೇ ನೋಡುತ್ತಾ ಹೇಳಿದಳು. "ನಾಲ್ಕು ನಿಲ್ದಾಣದಾಗ ನಿಮ್ಮ ದನಿ ದೊಡ್ಡದಾಗಿ ಕೇಳೀನಿ. ಅಷ್ಟು ಮಂದಿ ಮುಂದ ಅದು ಸಣ್ಣದಾಗೂದು ನನಗ ಕೇಳಾಕ ಆಗಲಿಲ್ಲ. ಅಂದೆ. ಅದು ನನ್ನ ಖುಷಿ." ನನ್ನ ಕಡೆ ತಿರುಗಿ, "ನೀವು ನಕ್ಕಿರಲ್ಲ, ಅದು ಯಾರ ಖುಷಿಗ್ರಿ?"

ಬಣ್ಣ ಬಂತು. ಆಕೆ ಮತ್ತೆ ಕೆಲಸಕ್ಕೆ ಬಗ್ಗಿದಳು.

ನಾನು ಹಿತ್ತಲಿಗೆ ಹೋಗಿ ಚಾಲಕನಿಗೆ ಫೋನು ಹಚ್ಚಿದೆ. ನಿಂತುಕೊಂಡೇ ಮಾತಾಡಿದೆ, ಮೇಲಧಿಕಾರಿಯ ಮುಂದೆ ನಿಂತಂತೆ.

"ಸಾಹೇಬ್ರ, ಮನಿ ಮುಟ್ಟಿದ್ರೇನು?"

"ಮುಟ್ಟಿದ್ವಿ. ಒಂದು ಮಾತು ಹೇಳೂದಿತ್ತು. ಆ ಪೂಜಿ ಅಕಿ ಮಾಡಿದ್ದಲ್ಲ. ನಾನು ಮಾಡಿದ್ದು."

"ಗೊತ್ತೈತ್ರಿ."

"ಹೆಂಗ?"

"ನಿಮ್ಮ ಹಣಿ ಮ್ಯಾಲ ಎರಡು ಕಾಳು ಹಂಗ ಇದ್ದುವಲ್ರಿ, ಅರಿಷಿಣದ್ದು. ಡಬ್ಬ್ಯಾಗಿನಿಂದ ಉದುರಿದ್ದೂ ಅವ, ಹಣಿ ಮ್ಯಾಲಿದ್ದೂ ಅವ. ಅಂಗಡ್ಯಾಗ ಎಲ್ಲಾರೂ ನೋಡ್ಯಾರ. ಆ ಮೇಡಮ್ಮು ಬಾಯಿಗೆ ಸೆರಗು ಹಿಡದ್ರು. ಅಂಗಡಿಯವ ನಗಿ ತಡಿಯಾಕಾಗದ ಕೌಂಟರ್ ಕೆಳಗ ಕುಂತ. ನೀವು ಅವ ಸ್ಕ್ರೂ ಹುಡಕ್ಯಾನ ಅಂದ್ಕೊಂಡ್ರಿ."

ನನ್ನ ಕೈ ತಾನಾಗಿ ಹಣೆಗೆ ಹೋಯಿತು. ಒಂದು ಕಾಳು ಉದುರಿಹೋಗಿತ್ತು. ಇನ್ನೊಂದು ಒಣಗಿದ ಕುಂಕುಮದಲ್ಲಿ ಗಟ್ಟಿಯಾಗಿ ಕೂತಿತ್ತು.

"ಮತ್ತ ಆ ಮೆಮೊ ಮಾತು ಅಕಿಗ್ಯಾಕ ಅಂದಿ?"

"ಅಕ್ಕಾರಿಗೆ ಎಲ್ಲಿ ಅಂದೆ? ನಿಮಗ ಅಂದೆ. ಒಂದು ದಾರಿ ಮಾಡಿಕೊಟ್ಟಿದ್ದೆ, ನೀವು ಇಳೀಲಿಲ್ಲ." ನಕ್ಕ. ಆಮೇಲೆ ನಗು ಬಿಟ್ಟು, "ಚಹಾ ಕುಡಿಯೂ ಮುಂದ ಹೇಳ್ತೀರಿ ಅಂತ ಕಾದೆ. ಮೈಕಿನ ಕಥಿ ತಗದ್ರಿ. ಆಗಲಿ ಬಿಡ್ರಿ, ಲೇಟಾದ್ರೂ ಗಾಡಿ ಬಂತಲ್ಲ."

ಫೋನಿಟ್ಟೆ. ಹಿತ್ತಲ ಕಟ್ಟೆಯ ಮೇಲೆ ಕುಳಿತೆ. ನನ್ನ ಮಾನ ಉಳಿಯಿತೆಂದು ಅಲ್ಲಿದ್ದವರಲ್ಲಿ ನಂಬಿಕೊಂಡಿದ್ದವನು ನಾನೊಬ್ಬನೇ. ಆಕೆಯ ಸುಳ್ಳು ಯಾರನ್ನೂ ಮೋಸಗೊಳಿಸಿರಲಿಲ್ಲ. ಅವರು ನಕ್ಕದ್ದು ಆಕೆಯನ್ನು ನೋಡಿ ಅಲ್ಲ. ಆಕೆಯನ್ನು ನೋಡಿ ನಕ್ಕವನು ಆ ಅಂಗಡಿಯಲ್ಲಿ ಒಬ್ಬನೇ ಇದ್ದ.

ನಲ್ಲಿಯ ನೀರಿನಲ್ಲಿ ಹಣೆ ತೊಳೆದುಕೊಂಡು ಒಳಗೆ ಬಂದು ಆಕೆಗೆ ಹೇಳಿದೆ. ಅವರಿಗೆಲ್ಲ ಗೊತ್ತಿತ್ತಂತೆ ಎಂದೆ.

"ಗೊತ್ತಿರದ ಏನ್ರಿ? ಹಣಿ ಒರಸಿಕೊಳ್ರಿ ಅಂತ ಸನ್ನಿ ಮಾಡಿದೆ. ನೀವು ಕುತಿಗಿ ಒರಸಿಕೊಂಡ್ರಿ!" ಎಂದಳು. ಆ ದಿನ ಮೊದಲ ಸಲ ಆಕೆ ನಕ್ಕಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಾನು ಈ ಸಲ ನಗಲಿಲ್ಲ. ನಗಲು ನನಗೆ ಹಕ್ಕಿರಲಿಲ್ಲ.

"ತಪ್ಪಾತು," ಎಂದೆ. ಮೈಕಿನಲ್ಲಿ ಎಂದೂ ಹೇಳದ ಮಾತು ಅದು.

"ಮೂರನೇ ಪುಟ ಓದ್ರಿ, ತಪ್ಪು ನೋಡಬೇಕು," ಎಂದಳು.

ಹೆಸರುಗಳನ್ನು ಗಟ್ಟಿಯಾಗಿ ಓದುವುದು ನನ್ನ ಪಾಲಿನ ಕೆಲಸ. ಆಕೆ ಮೂಲದ ಜೊತೆ ತಾಳೆ ನೋಡುತ್ತಾಳೆ. ಯಾವಾಗಲೂ ಬಸ್ಸು ಕೂಗಿದಂತೆ ಓದುತ್ತಿದ್ದೆ. ಅಂದು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು, ಆಕೆಗೆ ಕೇಳುವಷ್ಟೇ ದನಿಯಲ್ಲಿ ಅಜ್ಜ ಅಜ್ಜಿಯರಿಂದ ಹಿಡಿದು ಸೋದರಮಾವಂದಿರವರೆಗೆ ಓದಿದೆ. ಒಂದು ಕಡೆ ಹೆಣ್ಣಿನ ತಾಯಿಯ ಹೆಸರು ಬಿಟ್ಟುಹೋಗಿತ್ತು. ನಾನು ತಟ್ಟನೆ ನಿಲ್ಲಿಸಿದೆ. ಆಕೆ ಸೇರಿಸಿದಳು.

ಆರೂವರೆ ದಾಟಿತು. ನಾಲ್ಕು ಪುಟ ಕೂಡಿಸುವಾಗ ಯಂತ್ರ ಬಹಳ ಹೊತ್ತು ತಿಣುಕಿತು. ಗೋಡೆಯ ಗಡಿಯಾರ ಏಳು ಹೊಡೆದಾಗ ಇಬ್ಬರೂ ಸ್ವಿಚ್ಚಿನ ಕಡೆ ನೋಡಿದೆವು. ನಾನು ಏಳಲಿಲ್ಲ. ಫ್ಯಾನು ಸಣ್ಣಗೆ ತಿರುಗುತ್ತಲೇ ಇತ್ತು. ಕೊನೆಗೆ ಫೈಲು ಹೋಯಿತು. ಕಾಯುತ್ತಾ ಕುಳಿತೆವು.

ಗಂಗಾವತಿಯಿಂದ ಫೋನು ಬಂತು. "ಅಕ್ಕಾರ, ಗಣಪತಿ ಭಾಳ ಛಲೋ ಬಂದಾನ. ಕಿನ್ನಾಳದವ್ರು ಒಪ್ಯಾರ. ನಾಳಿಂದ ಉಳಿದದ್ದು ಕಳಸ್ತೀನಿ. ಮಷೀನಿಗೆ ಏನಾಗಿತ್ತು?"

ಆಕೆ ನನ್ನನ್ನು ನೋಡಿದಳು. ಬಾಯಿ ತೆರೆಯುವ ಮೊದಲೇ ನಾನು ಕೈ ಚಾಚಿ ಫೋನು ತೆಗೆದುಕೊಂಡೆ.

"ನಾ ಇವರ ಯಜಮಾನ ಮಾತಾಡೂದು. ಮಷೀನು ನಾನು ಕೆಡಿಸಿದ್ದೆ. ತೂತಿನ ಡಬ್ಬಿ ಮ್ಯಾಲ ದಿನಾ ಅಕ್ಷತಿ ಹಾಕಿ, ಕಾಯಿನೀರು ಬಿಟ್ಟು ಕೆಡಿಸಿದ್ದೆ. ಅಕಿದೇನೂ ತಪ್ಪಿರಲಿಲ್ಲ. ಇದಕ್ಕೂ ಮೊದ್ಲ ತಡ ಆದ ಕೆಲಸ ಎಲ್ಲಾ ನನ್ನಿಂದ ತಡ ಆದದ್ದು."

ಯಜಮಾನರಿಗೆ ಇಷ್ಟು ವಿವರ ಬೇಕಿರಲಿಲ್ಲ. "ಇರಲಿ ಬಿಡ್ರಿ," ಎಂದು ಮುಜುಗರದಿಂದ ಫೋನಿಟ್ಟರು. ಹೆಂಡತಿ ಎದ್ದು, ಅಡಿಗೆಮನೆಯಿಂದ ಒಂದು ಬಟ್ಟಲು ಮಂಡಕ್ಕಿ ತಂದು ಮೇಜಿನ ಮೇಲೆ ಇಟ್ಟಳು. ತಾನೂ ತಿಂದಳು. ಬಟ್ಟಲನ್ನು ನನ್ನ ಕಡೆ ಸರಿಸಲಿಲ್ಲ, ದೂರವೂ ಇಡಲಿಲ್ಲ.

ಜೇಬಿನಿಂದ ರ‍್ಯಾಮ್ ಪಟ್ಟಿ ತೆಗೆದೆ. ರೂಢಿಯ ಬಲದಿಂದ ದೇವರ ಜಗಲಿಯ ಕಡೆ ಹೆಜ್ಜೆ ಹೋಯಿತು. ತಿರುಗಿ ಬಂದು, ಮುಂದಿನ ಬೋರ್ಡಿಗೆ ಬೇಕಾಗುತ್ತದೆಂದು ಕಾಗದದ ಸಮೇತ ಕಪಾಟಿನ ಒಣ ಜಾಗದಲ್ಲಿ ಇಟ್ಟೆ. ಏಳೂವರೆಗೆ ಸ್ವಿಚ್ಚನ್ನು ಆಕೆಯೇ ಆರಿಸಿದಳು. ಒಣ ಬಟ್ಟೆ ತೆಗೆದುಕೊಂಡು ನಾನು ಡಬ್ಬಿಯ ತಲೆ ಒರೆಸಿದೆ. ಬೆಳಗ್ಗೆ ಹಾಕಿದ್ದರಲ್ಲಿ ಒಂದು ಹಳದಿ ಕಾಳು ಜಾಳಿಗೆಯ ತೂತಿನ ಅಂಚಿಗೆ ಸಿಕ್ಕಿಕೊಂಡಿತ್ತು. ಒಳಗೆ ಬೀಳದಂತೆ ಉಗುರಿನಿಂದ ಮೆಲ್ಲಗೆ ಎತ್ತಿ ತೆಗೆದೆ. ಅಂದಿನ ಕೆಲಸ ಮುಗಿಯಿತು.